ನೀಲಗಂಗವ್ವನ ಬೆಳ್ಳಿ, ನನ್ನ ಮುಳ್ಳು

ಹುಟ್ಟಿದ ಕೂಡಲೇ ನನ್ನನ್ನು ಕೊಕ್ಕೆಗೆ ನೇತುಹಾಕಿ, ಕೆಳಗೆ ಕಬ್ಬಿಣದ ಗುಂಡು ಕಟ್ಟಿ ಎಳೆದರು. ಬಿಟ್ಟರು. ಅದಕ್ಕಿಂತ ದೊಡ್ಡ ಗುಂಡು ಕಟ್ಟಿ ಮತ್ತೆ ಎಳೆದರು. ಎಷ್ಟು ಎಳೆದರೂ ನನ್ನ ಮುಳ್ಳು ಹೋಗಬೇಕಾದ ಅಂಕಿಗೇ ಹೋಗಿ ನಿಂತಿತು. ನೀಲಿ ಅಂಗಿಯ ಮನುಷ್ಯನೊಬ್ಬ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿ, "ಹೂಂ, ಪಾಸು" ಎಂದು ಬೆನ್ನಿಗೊಂದು ಚೀಟಿ ಅಂಟಿಸಿದ. ನನಗೆ ತೊಟ್ಟಿಲು, ನಾಮಕರಣ ಎಲ್ಲ ಅಷ್ಟರಲ್ಲೇ ಮುಗಿಯಿತು.

ನಾನೊಂದು ತೂಕದ ಯಂತ್ರ. ದುಂಡು ಮುಖ, ಮುಖದ ಸುತ್ತ ಅಂಕಿ, ನಡುವೆ ಒಂದೇ ಒಂದು ಕೆಂಪು ಮುಳ್ಳು, ಹೊಟ್ಟೆಯೊಳಗೊಂದು ಉಕ್ಕಿನ ಸುರುಳಿ. ತಲೆಗೊಂದು ಕೊಕ್ಕೆ, ಕಾಲಿಗೊಂದು ಕೊಕ್ಕೆ. ಕಾಲಿನ ಕೊಕ್ಕೆಗೆ ಗಟ್ಟಿ ಬಟ್ಟೆಯ ಚಡ್ಡಿ ಸಿಕ್ಕಿಸಿ, ಅದರಲ್ಲಿ ಕೂಸಿನ ಎರಡು ಕಾಲು ತೂರಿಸಿ ಬಿಟ್ಟರೆ ಕೂಸು ಗಾಳಿಯಲ್ಲಿ ತೂಗಾಡುತ್ತದೆ. ನಾನು ಅದರ ತೂಕ ಹೇಳುತ್ತೇನೆ. ಅಂಗಡಿಯ ತಕ್ಕಡಿಗಳೆಂದರೆ ನನಗೆ ಸ್ವಲ್ಪ ತಾತ್ಸಾರ, ಮುಚ್ಚಿಡುವುದೇಕೆ? ಅವು ಬೆಲ್ಲ ತೂಗುತ್ತವೆ, ಉಳ್ಳಾಗಡ್ಡಿ ತೂಗುತ್ತವೆ, ಒಡೆಯನ ಹೆಬ್ಬೆರಳು ತಾಗಿದರೆ ನಾಚಿಕೆಯಿಲ್ಲದೆ ಅತ್ತ ವಾಲುತ್ತವೆ. ನಾನು ಮಕ್ಕಳನ್ನು ತೂಗುವವನು. ಸುಳ್ಳು ಹೇಳುವುದು ನನ್ನ ವಂಶದಲ್ಲೇ ಇಲ್ಲ ಎಂದು ಬಹಳ ಕಾಲ ಬೀಗುತ್ತಿದ್ದೆ.

ಲಾರಿ ಹತ್ತಿ, ಇಳಿದು, ಕೊನೆಗೆ ಒಂದು ಸರಕಾರಿ ಉಗ್ರಾಣದ ಮೂಲೆ ಸೇರಿದೆ. ನನ್ನ ಮೇಲೊಂದು ಮುರಿದ ಕುರ್ಚಿ, ಕುರ್ಚಿಯ ಮೇಲೊಂದು ಬೆಕ್ಕು. ಮಳೆಗಾಲಗಳು ಹೋದವು. ಬೆಕ್ಕು ಅಲ್ಲೇ ಮರಿ ಹಾಕಿತು, ಮರಿಗಳು ದೊಡ್ಡವಾದವು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಮಕ್ಕಳನ್ನು ತೂಗಲು ಹುಟ್ಟಿದವನು ಬೆಕ್ಕಿನ ಸಂಸಾರ ಹೊತ್ತು ಕುಳಿತಿದ್ದೆ.

ಅಲ್ಲಿಂದ ನನ್ನನ್ನು ಬಿಡಿಸಿದವರು ಕಸ್ತೂರಿ ಅಕ್ಕೋರು. ಮಲ್ಲನಕೊಪ್ಪ ಎಂಬ ಊರಿನ ಅಂಗನವಾಡಿ ಅವರ ಕೈಯಲ್ಲಿತ್ತು; ಆ ಕಡೆ ಪಾಠ ಹೇಳುವ ಹೆಂಗಸರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುವುದು. ಉಗ್ರಾಣದವನು, "ಮುಂದಿನ ತಿಂಗ್ಳ ಬರ್ರಿ, ಸಹಿ ಆಗ್ಬೇಕು" ಎಂದ. ಅಕ್ಕೋರು ಚೀಲದಿಂದ ಬುತ್ತಿ ತೆಗೆದು ಅಲ್ಲೇ ಬಾಗಿಲಲ್ಲಿ ಕುಳಿತರು. "ಸಹಿ ಆಗೂ ತನಕ ಇಲ್ಲೇ ಕುಂದ್ರತೇನ್ರಿ. ನಮ್ಮ ಕೂಸುಗಳು ಮುಂದಿನ ತಿಂಗ್ಳ ತನಕ ಬೆಳೀದ ನಿಂದ್ರತಾವೇನು?" ರೊಟ್ಟಿ ಮುಗಿಯುವುದರೊಳಗೆ ಸಹಿ ಆಯಿತು. ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಊರಿಗೆ ತಂದರು.

ಒಂದು ಕೋಣೆ, ತಗಡಿನ ಮಾಡು, ಗೋಡೆಯ ಮೇಲೆ ಗಿಳಿ, ಆನೆ, ಮಾವಿನಹಣ್ಣು. ಮಾಡಿನ ತೊಲೆಗೆ ನನ್ನನ್ನು ಕಟ್ಟಿದರು. ಮೊದಲ ದಿನ ನನ್ನನ್ನು ಕಂಡು ಇಡೀ ಊರಿನ ಕೂಸುಗಳು ಒಂದೇ ರಾಗದಲ್ಲಿ ಬಾಯಿ ತೆರೆದವು. ನನಗೆ ಬಹಳ ನೋವಾಯಿತು. ಅಕ್ಕೋರು ಉಪಾಯ ಮಾಡಿದರು. ಚಿಂದಿ ಬಟ್ಟೆಯಲ್ಲಿ ಒಂದು ಗೊಂಬೆ ಹೊಲಿದು, ಚಿನ್ನಿ ಎಂದು ಹೆಸರಿಟ್ಟು, ಮೊದಲು ಅದನ್ನು ಚಡ್ಡಿಯಲ್ಲಿ ಕೂರಿಸಿ, "ನೋಡ್ರಿ, ಚಿನ್ನಿ ಜೋಕಾಲಿ ಆಡಾಕತ್ತಾಳ" ಎಂದು ತೂಗಿದರು. ಚಿನ್ನಿ ಅಳಲಿಲ್ಲ. ಮುಂದಿನ ತಿಂಗಳಿಂದ ಕೂಸುಗಳು ನನ್ನ ಕೆಳಗೆ ಸಾಲುಗಟ್ಟಿ ಜಗಳವಾಡತೊಡಗಿದವು.

ಊರಿಗೆ ಬಂದ ಮೇಲೆ ನನ್ನ ಮರ್ಯಾದೆಗೆ ಒಮ್ಮೆ ಮಾತ್ರ ಭಂಗ ಬಂತು. ಪಂಚಾಯಿತಿಯ ಅಧ್ಯಕ್ಷರು ಚನ್ನವೀರಗೌಡರು. ನಾಲ್ಕು ಹರದಾರಿಯಾಚೆ ದೊಡ್ಡ ಮೆಣಸಿನಕಾಯಿ ಪೇಟೆಯಿದೆ. ಗೌಡರ ಅರ್ಧ ಜೀವ ಅಲ್ಲೇ. ಒಂದು ಭಾನುವಾರ ನನ್ನನ್ನು ಕಡ ಕೇಳಿ ಒಯ್ದು, ಕೂಸುಗಳ ಚಡ್ಡಿಯಲ್ಲಿ ಒಣ ಮೆಣಸಿನಕಾಯಿ ತುಂಬಿ ತೂಗಿದರು. ಸೋಮವಾರ ಚಡ್ಡಿಯಲ್ಲಿ ಕೂತ ಮೊದಲ ಕೂಸು ಚೀರಿದ್ದು ಬಸ್ಸು ನಿಲ್ಲುವ ಜಾಗದವರೆಗೂ ಕೇಳಿತು. ಅಕ್ಕೋರು ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪಂಚಾಯಿತಿಗೆ ನಡೆದರು. ಅಲ್ಲಿ ಏನೇನು ಮಾತಾಯಿತೋ ನನಗೆ ತಿಳಿಯದು. ಸಂಜೆ ಗೌಡರ ಮನೆಯಿಂದ ಹೊಸ ಚಡ್ಡಿ ಹೊಲಿಸಿಕೊಂಡು ಬಂತು.

ಈಗ ಫಕ್ಕೀರವ್ವನ ವಿಷಯಕ್ಕೆ ಬರುತ್ತೇನೆ. ನನ್ನ ಬದುಕಿನ ಮುಖ್ಯ ಸಂಗತಿ ಅವಳದು, ಅವಳ ಕೂಸು ಮೈಲಾರಿಯದು.

ಫಕ್ಕೀರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಪೇಟೆಯ ತಗಡಿನ ಶೆಡ್ಡುಗಳಲ್ಲಿ ಹೆಂಗಸರು ಸಾಲಾಗಿ ಕೂತು, ಕೆಂಪು ರಾಶಿಯಿಂದ ಒಂದೊಂದೇ ಕಾಯಿ ಎತ್ತಿ ತೊಟ್ಟು ಮುರಿಯುತ್ತಾರೆ. ಅವಳ ಗಂಡ ಕಬ್ಬು ಕಡಿಯಲು ದೂರ ಹೋದವನು ಸುಗ್ಗಿ ಮುಗಿಯುವವರೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕೂಸು ನೋಡಿಕೊಳ್ಳುವವರು ಯಾರೂ ಇಲ್ಲ. ಅಂಗನವಾಡಿಗೆ ಬರುವುದು ಮೂರು ವರ್ಷ ದಾಟಿದ ಮಕ್ಕಳು, ಅವರೂ ಮಧ್ಯಾಹ್ನಕ್ಕೇ ಮನೆಗೆ. ಮೈಲಾರಿಗೆ ಆಗ ಇನ್ನೂ ಒಂದು ತುಂಬಿರಲಿಲ್ಲ. ಹಾಗಾಗಿ ಫಕ್ಕೀರವ್ವ ಅವನನ್ನು ಶೆಡ್ಡಿಗೇ ಒಯ್ದು, ಕಂಬಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಕೂಸು ಘಾಟಿಗೆ ಕೆಮ್ಮುತ್ತಿತ್ತು, ಕೆಮ್ಮಿ ಹಾಲು ಕಾರುತ್ತಿತ್ತು.

ತಿಂಗಳಿಗೊಮ್ಮೆ ಅವನು ನನ್ನ ಬಳಿ ಬರುತ್ತಿದ್ದ. ಬೇರೆ ಕೂಸುಗಳು ನನ್ನ ಸುರುಳಿಯನ್ನು ಕೆಳಕ್ಕೆ ಜಗ್ಗುತ್ತಿದ್ದವು. ಮೈಲಾರಿ ಬಂದರೆ ಯಾರೋ ಒಂದು ಒದ್ದೆ ಟವೆಲು ಹಾಕಿದಷ್ಟೇ. ಇದ್ದದ್ದನ್ನು ಹೇಳುವುದು ನನ್ನ ಕೆಲಸ. ಆದರೂ ಅವನ ತೂಕ ಹೇಳುವಾಗ ನನ್ನ ಮುಳ್ಳಿಗೆ ಸಂಕಟವಾಗುತ್ತಿತ್ತು. ಅವನೋ ನನ್ನ ಮುಖ ನೋಡಿ ಬೊಚ್ಚುಬಾಯಿ ತೆರೆದು ನಗುತ್ತಿದ್ದ.

ಒಂದು ದಿನ ಫಕ್ಕೀರವ್ವ ಚಡ್ಡಿಯಿಂದ ಅವನನ್ನು ಎತ್ತಿಕೊಳ್ಳುತ್ತ, "ಅಕ್ಕೋರ, ಇದನ್ನ ಕರ್ಕೊಂಡು ಹೋದ್ರ ಕೆಮ್ಮತೈತಿ. ಬಿಟ್ಟು ಹೋದ್ರ ನೋಡವ್ರಿಲ್ಲ. ಮನ್ಯಾಗ ಕುಂತ್ರ ಒಲಿ ಹತ್ತಂಗಿಲ್ಲ. ನಾ ಏನ್ ಮಾಡ್ಲಿ, ಹೇಳ್ರಿ?" ಎಂದಳು.

ಅಕ್ಕೋರು ಕೂಸಿನ ಅಂಗಿ ಎಳೆದು ಸರಿಮಾಡಿದರು. "ದಾರಿ ಒಂದೈತಿ. ಮುಂಜಾನಿಂದ ಸಂಜೀ ತನಕ ಸಣ್ಣ ಕೂಸುಗಳನ್ನ ನೋಡ್ಕೊಳ್ಳೂ ಕೇಂದ್ರ. ಖರ್ಚೆಲ್ಲ ಸರ್ಕಾರದ್ದು. ನಾವು ಕೇಳ್ಬೇಕು, ಬಿಡದಂಗ ಕೇಳ್ಬೇಕು."

ಬಿಡದೆ ಕೇಳುವುದರಲ್ಲಿ ಅಕ್ಕೋರು ಎಂಥವರೆಂದು ನನ್ನ ಉಗ್ರಾಣಕ್ಕೇ ಗೊತ್ತು. ಅರ್ಜಿ ಹೋಯಿತು, ಅದರ ಜೊತೆ ನಾನು ಹೇಳಿದ ತೂಕಗಳೂ ಹೋದವು. ಒಂದು ದಿನ ಸುದ್ದಿ ಬಂತು: ಸುತ್ತಿನ ಹಳ್ಳಿಗಳಿಗೆಲ್ಲ ಸೇರಿ ಸದ್ಯಕ್ಕೆ ಒಂದೇ ಕೇಂದ್ರ. ಯಾವ ಊರಿನ ಕೂಸುಗಳಿಗೆ ಅದು ಹೆಚ್ಚು ಬೇಕೋ ಆ ಊರಿಗೆ. ಮೇಲ್ವಿಚಾರಕಿ ಜಯಶೀಲಾ ಮೇಡಂ ಖುದ್ದಾಗಿ ಬಂದು ತೂಗಿ ನೋಡುತ್ತಾರೆ.

ಅಕ್ಕೋರು ಮಾಡಿದ ತಪ್ಪು ಒಂದೇ. ಸಂಭ್ರಮದಲ್ಲಿ ಹೆಂಗಸರಿಗೆ, "ಮೇಡಂ ಕೇಂದ್ರ ಕೊಡಾಕ ಬರಾಕತ್ತಾರ, ಎಲ್ಲಾರೂ ಕೂಸು ಎತ್ಕೊಂಡು ಬರ್ರಿ" ಎಂದರು. ಕೊಡುವುದು ಯಾರನ್ನು ನೋಡಿ ಎಂಬುದನ್ನು ಹೇಳಲಿಲ್ಲ.

ಆ ಮಾತು ನೀಲಗಂಗವ್ವಜ್ಜಿಯ ಕಿವಿಗೆ ಬಿತ್ತು. ಅಧ್ಯಕ್ಷ ಚನ್ನವೀರಗೌಡರ ತಾಯಿ ಅವಳು. ಊರಿನ ಮದುವೆ, ಸೀಮಂತ, ಸಂಧಾನ ಯಾವುದೂ ಅವಳನ್ನು ಬಿಟ್ಟು ನಡೆಯುತ್ತಿರಲಿಲ್ಲ. ಮೇಡಂ ಬರುವ ಹಿಂದಿನ ಸಂಜೆ ಅಂಗನವಾಡಿಯ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂರಿಸಿಕೊಂಡು ಸಭೆ ಮಾಡಿದಳು. ಕಿಟಕಿ ತೆರೆದಿತ್ತು, ನಾನು ಎಲ್ಲವನ್ನೂ ಕೇಳಿದೆ.

"ನೋಡ್ರೆವಾ, ಹೆಣ್ಣು ನೋಡಾಕ ಬಂದವರ ಮುಂದ ಹುಡುಗಿಗೆ ಹರಕ ಸೀರಿ ಉಡಸ್ತೀವೇನು? ಇದೂ ಹಂಗ. ನಾಳೆ ನೋಡಾಕ ಬರೂದು ಸರ್ಕಾರ. ನಮ್ಮ ಕೂಸುಗಳು ಗುಂಡಗ, ಮೈತುಂಬ ಬೆಳ್ಳಿ ಹಾಕ್ಕೊಂಡು ಲಕ್ಷಣಾಗಿ ಕಾಣ್ಬೇಕು. ಬಡಕಲ ಕೂಸಿದ್ದ ಊರಿಗೆ ಯಾರ ಏನ್ ಕೊಡ್ತಾರ? ನಮ್ಮ ಅಕ್ಕೋರ ಮರ್ಯಾದಿ ಐತಿ ಇದರಾಗ."

ಎಲ್ಲರಿಗೂ ಮಾತು ಸರಿಕಂಡಿತು. ನನಗೂ ಸರಿಕಂಡಿತು, ಹೇಳಿಬಿಡುತ್ತೇನೆ. ನಾನು ತೂಕ ಬಲ್ಲೆ, ಸರಕಾರ ಬಲ್ಲೆನೇ?

"ಬೆಳ್ಳಿ ಯಾರ ಹತ್ರ ಐತೆಜ್ಜಿ ಈ ಊರಾಗ, ನಿನ್ನ ಬಿಟ್ರ?" ಎಂದಳು ಒಬ್ಬಳು.

"ನನ್ನ ಬೆಳ್ಳಿ ಅಂದ್ರ ಊರ ಬೆಳ್ಳಿ" ಎಂದಳು ಅಜ್ಜಿ.

ಅದು ಅವಳ ತವರಿನ ಬೆಳ್ಳಿ. ಕೂಸಿದ್ದಾಗ ಅವಳಿಗೇ ಹಾಕಿದ್ದು: ಗಟ್ಟಿ ಕಾಲ್ಗಡಗ, ಗಟ್ಟಿ ಕೈಗಡಗ, ಹೆಬ್ಬೆರಳು ದಪ್ಪದ ಉಡಿದಾರ, ಅದಕ್ಕೆ ಗೆಜ್ಜೆ. ಈಗಿನವರ ತೆಳ್ಳನೆ ಸರಪಳಿಯಲ್ಲ. ಅದನ್ನು ಹಾಕಿದ ಕೂಸು ತೆವಳಲು ಹೊರಟರೆ ಅರ್ಧ ದಾರಿಯಲ್ಲೇ ದಣಿದು ಕೂರುತ್ತಿತ್ತಂತೆ.

ಮರುದಿನ ನೆಲ ಸಾರಿಸಿ ರಂಗೋಲಿ ಹಾಕಿದರು. ನನ್ನ ಮುಖಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಮನೆಮನೆಯಲ್ಲಿ ಗೋದಿ ಹುಗ್ಗಿ ಮಾಡಿ ಕೂಸುಗಳಿಗೆ ಗಂಟಲವರೆಗೆ ತಿನ್ನಿಸಿ, ಮೇಲೆ ನೀರು ಕುಡಿಸಿ ತಂದಿದ್ದರು. ಜೀಪು ಬಂತು. ಜಯಶೀಲಾ ಮೇಡಂ ಮೈಸೂರು ಕಡೆಯವರು, ಈ ಸೀಮೆಗೆ ಹೊಸಬರು, ನಗುಮುಖದವರು. ಚನ್ನವೀರಗೌಡರು ಹಾರ ಹಾಕಿ ಸ್ವಾಗತಿಸಿದರು. ಹಾಕುತ್ತಲೇ, "ಕೇಂದ್ರ ಬಂದ್ರ ಛಲೋನ ಐತ್ರಿ ಮೇಡಂ, ಆದ್ರ ಪಂಚಾಯ್ತಿ ಕಡೆ ಖಾಲಿ ಕೋಣಿ ಮಾತ್ರ ಇಲ್ಲ ನೋಡ್ರಿ" ಎಂದು ಒಂದು ಮಾತು ಒಗೆದರು. ಕೋಣೆ ಇತ್ತು. ಅಂಗನವಾಡಿಯ ಪಕ್ಕದ್ದೇ. ಅದರ ತುಂಬ ಗೌಡರ ಮೆಣಸಿನಕಾಯಿ ಚೀಲಗಳಿದ್ದವು.

ಮೊದಲು ಬಂದದ್ದು ಗೌಡರ ಮೊಮ್ಮಗ ಸಮರ್ಥ, ಮೈತುಂಬ ಬೆಳ್ಳಿಯೊಂದಿಗೆ. ಅಕ್ಕೋರು, "ಬೆಳ್ಳಿ ತಗೀರಿ, ತೂಕ ತಪ್ಪತೈತಿ" ಎಂದರು.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಹೊಸಬರ ಮುಂದ ಕೂಸಿನ ಮೈಮ್ಯಾಲಿನ ಬೆಳ್ಳಿ ತಗದ್ರ ದೃಷ್ಟಿ ತಾಗತೈತ್ರಿ ಮೇಡಮ್ಮಾರ. ನಮ್ಮಲ್ಲಿ ತಗ್ಯಂಗಿಲ್ಲ."

"ಇರಲಿ ಬಿಡಿ ಕಸ್ತೂರಿ ಅವರೇ, ದೊಡ್ಡವರ ಮನಸ್ಸು ಯಾಕೆ ನೋಯಿಸೋದು? ಬೆಳ್ಳಿ ಎಷ್ಟು ಮಹಾ ತೂಗುತ್ತೆ!" ಎಂದರು ಮೇಡಂ. ಅವರಿಗೆ ಆ ಸೀಮೆಯ ಬೆಳ್ಳಿಯ ಪರಿಚಯವಿರಲಿಲ್ಲ.

ಸಮರ್ಥ ತೂಗಿದ. ನನ್ನ ಮುಳ್ಳು ಸರ್ರನೆ ಏರಿತು. ಮೇಡಂ ತಲೆದೂಗಿದರು. ಅವನನ್ನು ಒಯ್ದರು, ಮುಂದಿನ ಕೂಸು ಬಂತು. ಅದರ ಉಡಿದಾರದ ಗೆಜ್ಜೆ ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು. ಅದರ ಮುಂದಿನದು ಬಂದಾಗ ಅನುಮಾನವೇ ಉಳಿಯಲಿಲ್ಲ. ಅಡುಗೆಯ ಮೂಲೆಯ ಕಿಟಕಿಯಾಚೆ ಅಜ್ಜಿ ಪೀಠ ಹಾಕಿ ಕೂತಿದ್ದಳು. ತೂಗಿದ ಕೂಸು ಆ ಕಿಟಕಿಗೆ ಹೋಗುತ್ತಿತ್ತು, ಬೆಳ್ಳಿ ಕಳಚುತ್ತಿತ್ತು, ಮುಂದಿನ ಕೂಸು ಅದನ್ನೇ ತೊಟ್ಟು ಬಾಗಿಲಿಂದ ಬರುತ್ತಿತ್ತು. ಒಂದು ಕೂಸಿನ ಮೈಶಾಖ ಆರುವ ಮೊದಲೇ ಬೆಳ್ಳಿ ಇನ್ನೊಂದರ ಮೈಗೆ ಹತ್ತುತ್ತಿತ್ತು. ಬೆಳ್ಳಿಯ ತೂಕ, ಕೂಸಿನ ತೂಕ ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಜೋತುಬಿದ್ದದ್ದನ್ನೆಲ್ಲ ಕೂಡಿಸಿ ಹೇಳುತ್ತೇನೆ. ಸುಳ್ಳು ಹೇಳುವುದು ನನ್ನ ವಂಶದಲ್ಲೇ ಇಲ್ಲ ಎಂದಿದ್ದೆನಲ್ಲ, ಆ ಬೆಳಿಗ್ಗೆ ನನ್ನ ಬಾಯಿಂದ ಬಂದದ್ದೆಲ್ಲ ಸುಳ್ಳೇ.

ಅಕ್ಕೋರಿಗೂ ಗೊತ್ತಾಯಿತು. ಬಾಯಿ ತೆರೆಯಲು ಹೋದರು. ಕಿಟಕಿಯಿಂದ ಅಜ್ಜಿ ಕಣ್ಣು ಬಿಟ್ಟಳು. ಸುತ್ತ ತಾಯಂದಿರೆಲ್ಲ ಹಬ್ಬದ ಮುಖ ಮಾಡಿ ನಿಂತಿದ್ದಾರೆ, ಎಲ್ಲರೂ ತಮಗಾಗಿಯೇ ಇದನ್ನು ಮಾಡಿದ್ದಾರೆ. ಅಕ್ಕೋರು ಬಾಯಿ ಮುಚ್ಚಿದರು.

ಕೊನೆಗೆ ಮೈಲಾರಿ ಬಂದ. ಕಡಗಗಳು ಅವನ ಕಾಲಿಂದ ಜಾರಿ ಬೀಳದಂತೆ ಫಕ್ಕೀರವ್ವ ಒಳಗೆ ಅರಿವೆ ಸುತ್ತಿದ್ದಳು. ಅವನು ಎಂದಿನಂತೆ ನನ್ನನ್ನು ನೋಡಿ ನಕ್ಕ. ನನ್ನ ಮುಳ್ಳು ಅವನಿಗಾಗಿ ಎಂದೂ ಏರದಷ್ಟು ಏರಿತು. ತಾಯಿ ಅಂಕಿ ಓದಲಾರದವಳಾದರೂ ಮುಳ್ಳು ನಿಂತ ಜಾಗ ನೋಡಿ ಅವಳ ಮುಖ ಅರಳಿತು. ಒಂದು ಗಳಿಗೆ ಅವಳು ಅದನ್ನು ನಂಬಿಯೇಬಿಟ್ಟಳು ಎನಿಸುತ್ತದೆ.

ಜಯಶೀಲಾ ಮೇಡಂ ಎದ್ದು ನಿಂತರು. "ತುಂಬ ಸಂತೋಷ. ಇಷ್ಟು ಗಟ್ಟಿಮುಟ್ಟಾದ ಮಕ್ಕಳನ್ನ ನಾನು ಈ ಕಡೆ ಯಾವ ಊರಲ್ಲೂ ನೋಡಿಲ್ಲ. ಈ ಸಲ ಕೇಂದ್ರ ಪಕ್ಕದ ಹಳ್ಳಿಗೆ ಕೊಡ್ತೀವಿ, ಅಲ್ಲಿ ಮಕ್ಕಳು ಬಹಳ ಸೊರಗಿದ್ದಾರೆ." ಆಮೇಲೆ ಅಕ್ಕೋರ ಕಡೆ ತಿರುಗಿ ದನಿ ತಗ್ಗಿಸಿದರು. ತಗ್ಗಿಸಿದ್ದೂ ಎಲ್ಲರಿಗೂ ಕೇಳಿತು. "ಆದರೆ ಕಸ್ತೂರಿ ಅವರೇ, ನೀವು ಕಳಿಸಿದ ತೂಕಕ್ಕೂ ಇದಕ್ಕೂ ತಾಳೆನೇ ಇಲ್ಲವಲ್ಲ? ಕೇಂದ್ರ ಬರಲಿ ಅಂತ ಕಡಿಮೆ ಬರೆದ್ರಾ? ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರಲಿಲ್ಲ."

ಅಕ್ಕೋರು ನೆಲ ನೋಡುತ್ತ ನಿಂತರು. ಕಣ್ಣು ತುಂಬಿತ್ತು. ಊರನ್ನು ಬಿಟ್ಟುಕೊಡುವ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೋಣೆಯ ತಂಟೆ ತಪ್ಪಿತೆಂದು ಗೌಡರು ಮಾತ್ರ ಖುಷಿಯಾಗಿ, "ಚಾ ಕುಡದ ಹೋಗ್ರಿ ಮೇಡಂ" ಎನ್ನುತ್ತಿದ್ದರು. ಮೇಡಂ ಚಹಾ ಬೇಡವೆಂದು ಜೀಪಿನ ಕಡೆ ನಡೆದರು. ನಾನು ತೊಲೆಯಲ್ಲಿ ನೇತಾಡುತ್ತ ಒದ್ದಾಡಿಹೋದೆ. ಬಾಯಿದ್ದಿದ್ದರೆ ಕೂಗುತ್ತಿದ್ದೆ.

ನನಗಿಲ್ಲದ ಬಾಯಿ ಫಕ್ಕೀರವ್ವನಿಗಿತ್ತು.

"ಮೇಡಮ್ಮಾರ, ನಿಂದರ್ರಿ."

ಅವಳು ಮೈಲಾರಿಯನ್ನು ನೆಲದ ಮೇಲೆ ಕೂರಿಸಿ ಕಡಗ ಕಳಚಿದಳು. ಉಡಿದಾರ ಬಿಚ್ಚಿದಳು. ಸುತ್ತಿದ ಅರಿವೆ, ಅಂಗಿ, ಕುಲಾಯಿ ಎಲ್ಲ ತೆಗೆದಳು. ಪಕ್ಕೆಲುಬು ಎಣಿಸಬಹುದಾದ ಕೂಸೊಂದು ಬರಿಮೈಯಲ್ಲಿ ಕೂತು ಮೇಡಂ ಅವರನ್ನು ನೋಡಿ ನಕ್ಕಿತು.

"ಈಗ ತೂಗ್ರಿ" ಎಂದಳು. "ತನ್ನ ಕೂಸು ಸೊರಗೈತಿ ಅಂತ ಮಂದಿ ಮುಂದ ಹೇಳಾಕ ಯಾ ತಾಯಿಗೂ ಬಾಯಿ ಬರಂಗಿಲ್ರಿ. ಆದ್ರ ಅಕ್ಕೋರು ಸುಳ್ಳ ಬರದಿಲ್ಲ. ಸುಳ್ಳ ಮಾಡಿದವ್ರು ನಾವು. ಇದು ಮೆಣಸಿನಕಾಯಿ ಘಾಟಿನ್ಯಾಗ ದಿನಾ ಮಲಗೂ ಕೂಸ್ರಿ."

"ಏ ಫಕ್ಕೀರಿ! ಊರ ಮರ್ಯಾದಿ ಕಳದ್ಯಲ್ಲೇ!" ಎಂದು ಅಜ್ಜಿ ಕಿಟಕಿಯಾಚೆಯಿಂದ ಗುಡುಗಿದಳು.

ಮೇಡಂ ವಾಪಸು ಬಂದು ಮೈಲಾರಿಯನ್ನು ತಾವೇ ಚಡ್ಡಿಯಲ್ಲಿ ಕೂರಿಸಿದರು. ನನ್ನ ಮುಳ್ಳು ತನ್ನ ಹಳೆಯ ಜಾಗಕ್ಕೆ, ಒದ್ದೆ ಟವೆಲಿನ ಜಾಗಕ್ಕೆ ಹೋಗಿ ನಿಂತಿತು. ಅಕ್ಕೋರು ಕಳಿಸಿದ್ದ ಅಂಕಿಯೂ ಅದೇ.

ಅಷ್ಟರಲ್ಲಿ ನೀಲಗಂಗವ್ವಜ್ಜಿ ಬಾಗಿಲಿಗೆ ಬಂದಳು. ಬೈಯಲೆಂದೇ ಬಂದಳು, ಅವಳ ಮುಖವೇ ಹೇಳುತ್ತಿತ್ತು. ತೂಗಾಡುತ್ತಿದ್ದ ಮೈಲಾರಿಯನ್ನು ಕಂಡು ನಿಂತಳು. ಬಟ್ಟೆ ಬೆಳ್ಳಿ ಇಲ್ಲದ ಆ ಕೂಸನ್ನು ಅವಳು ನೋಡಿದ್ದು ಅದೇ ಮೊದಲು. ಹಿಂದಿರುಗಿ, ಗೌಡರ ಸೊಸೆಯ ಕಂಕುಳಿಂದ ಸಮರ್ಥನನ್ನು ಕಿತ್ತುಕೊಂಡು ತಂದು, ಅಂಗಿ ಬಿಚ್ಚಿ ಮೇಡಂ ಕೈಗೆ ಕೊಟ್ಟಳು.

"ಮೊದ್ಲ ನಮ್ಮ ಮನೀ ಕೂಸು ತೂಗ್ರಿ. ಬೆಳ್ಳಿ ನಂದು, ತಪ್ಪೂ ನಂದ."

ಸಮರ್ಥನ ನಿಜ ತೂಕವೂ ಹೇಳಿಕೊಳ್ಳುವಂತಿರಲಿಲ್ಲ. ಗೌಡರು ಬಾಗಿ ನನ್ನ ಮುಖ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಅದ್ಹೆಂಗಾತು? ನಮ್ಮನ್ಯಾಗ ಹಾಲು ಹೈನಕ್ಕ ಕಡಿಮಿ ಐತೇನು? ಈ ಯಂತ್ರ ಕೆಟ್ಟೈತಿ!"

ನನಗೆ ಸಿಟ್ಟು ಬಂತು. ಆದರೆ ನನ್ನ ಪರವಾಗಿ ಅಜ್ಜಿಯೇ ಮಾತಾಡಿದಳು.

"ಯಂತ್ರ ನೆಟ್ಟಗೈತಿ, ನೀ ನೆಟ್ಟಗ ನೋಡು. ಹಾಲೈತಿ, ಕುಡಸವ್ರ ಯಾರು? ನಿನ್ನ ಸೊಸಿ ಮುಂಜಾನೆದ್ದು ಹೊಲಕ್ಕ ಆಳಿನ ಹಿಂದ ಹೋಗ್ತಾಳ. ನೀ ಪ್ಯಾಟಿಗೆ ಹೋಗ್ತಿ. ನಾ ಕುಂತಲ್ಲೇ ತೂಕಡಸ್ತೇನಿ. ಅದು ಅಂಗಡಿ ಪಾಕೀಟ ಹರಕೊಂಡು ತಿಂದು ಮಕ್ಕೋತೈತಿ. ನಿನ್ನ ಮೆಣಸಿನಕಾಯಿಗೆ ಕೋಣಿ ಐತಿ, ಕೂಸಿಗಿಲ್ಲ!"

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಒಬ್ಬೊಬ್ಬರೇ ತಾಯಂದಿರು ಕೂಸುಗಳ ಅಂಗಿ ಬಿಚ್ಚತೊಡಗಿದರು. ಮೇಡಂ ನೆಲದ ಮೇಲೇ ಕೂತು ಎಲ್ಲರನ್ನೂ ಮೊದಲಿಂದ ತೂಗಿದರು. ಹೊಟ್ಟೆ ತುಂಬ ಹುಗ್ಗಿಯಿದ್ದ ಕೂಸೊಂದು ಅವರ ಸೀರೆಯನ್ನು ಒದ್ದೆ ಮಾಡಿದ ಮೇಲೆ ಅದರ ತೂಕ ಇನ್ನಷ್ಟು ಇಳಿಯಿತು. ಕಡೆಗೆ ಅವರು ಕುತೂಹಲಕ್ಕೆ ಬೆಳ್ಳಿಯನ್ನಷ್ಟೇ ಚಡ್ಡಿಯಲ್ಲಿ ಹಾಕಿ ನೋಡಿದರು. ಒಂದು ದೊಡ್ಡ ಕೋಳಿಯಷ್ಟು ತೂಗಿತು.

"ಕಸ್ತೂರಿ ಅವರೇ, ನಿಮ್ಮ ಬಗ್ಗೆ ಹಾಗೆ ಮಾತಾಡಿದ್ದಕ್ಕೆ ಕ್ಷಮಿಸಿ" ಎಂದರು ಮೇಡಂ. ಆಮೇಲೆ ಗೌಡರ ಕಡೆ ತಿರುಗಿದರು. "ಪಕ್ಕದ ಹಳ್ಳಿಗಿಂತ ಇಲ್ಲಿನ ಮಕ್ಕಳೇ ಹೆಚ್ಚು ಸೊರಗಿದ್ದಾರೆ, ಕೇಂದ್ರ ಇಲ್ಲಿಗೇ ಬರುತ್ತೆ. ಊಟ, ಹಾಲು, ಮೊಟ್ಟೆ, ಆಟದ ಸಾಮಾನು, ನೋಡಿಕೊಳ್ಳೋರ ಸಂಬಳ ಎಲ್ಲ ಸರ್ಕಾರದ್ದು. ಕೋಣೆ ಮಾತ್ರ ಪಂಚಾಯಿತಿ ಕೊಡಬೇಕು."

ಗೌಡರು ಮೊಮ್ಮಗನನ್ನು ಎತ್ತಿಕೊಂಡಿದ್ದರು. ಅವನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಹಿಡಿದು ನೋಡುತ್ತಿದ್ದರು. "ಚೀಲ ಇವತ್ತ ತಗಸ್ತೇನ್ರಿ" ಎಂದರು.

ಚೀಲ ಹೋದವು, ಘಾಟು ಹೋಗಲಿಲ್ಲ. ಗೋಡೆಗೆ ಸುಣ್ಣ ಬಳಿದು, ನೆಲ ತಿಕ್ಕಿ ತೊಳೆದರೂ ಉದ್ಘಾಟನೆಯ ದಿನ ಮೊದಲ ಭಾಷಣಕಾರರು ಸೀನಿದರು, ಎರಡನೆಯವರು ಸೀನಿದರು, ಮೂರನೆಯವರು ಮೈಕು ಕೊಟ್ಟು ಹೊರಗೆ ಓಡಿದರು. ಊರಿನ ಮಟ್ಟಿಗೆ ಅಷ್ಟು ಚಿಕ್ಕ ಸಮಾರಂಭ ಬೇರೊಂದು ನಡೆದಿಲ್ಲ. ಅಜ್ಜಿ ಬೇವಿನ ಸೊಪ್ಪಿನ ಹೊಗೆ ಹಾಕಿಸಿ, ಮಜ್ಜಿಗೆಯಲ್ಲಿ ನೆಲ ಒರೆಸಿಸಿದ ಮೇಲೇ ಕೂಸುಗಳು ಒಳಗೆ ಬಂದದ್ದು. ನನ್ನನ್ನೂ ಆ ಕೋಣೆಗೆ ಸಾಗಿಸಿದರು.

ಅಕ್ಕೋರ ಹಟ ಅಲ್ಲೂ ಬಿಡಲಿಲ್ಲ. ನೋಡಿಕೊಳ್ಳಲು ಬಂದ ಇಬ್ಬರು ಹುಡುಗಿಯರಿಗೆ ಮೊದಲ ದಿನವೇ, "ಉಣ್ಣಸಿ ಮಲಗಸಿದ್ರ ಮುಗೀತು ಅನ್ಕೋಬ್ಯಾಡ್ರೆವಾ, ಇವೇನು ದನಾ ಅಲ್ಲ. ಮಾತಾಡಸ್ರಿ, ಹಾಡ್ರಿ, ಕತಿ ಹೇಳ್ರಿ. ತಿಳಿಯಂಗಿಲ್ಲ ಅನ್ಬ್ಯಾಡ್ರಿ, ಎಲ್ಲಾ ತಿಳೀತೈತಿ" ಎಂದರು. ಮರದ ತುಂಡುಗಳು, ಮರಳಿನ ಗುಂಡಿ, ಡೋಲಿನಂತೆ ಬಡಿಯಲು ಹಳೆಯ ಡಬ್ಬ, ಬಣ್ಣದ ಚಿತ್ರಗಳ ಪುಸ್ತಕ, ಸಣ್ಣ ಸಣ್ಣ ಚಾಪೆ. ಮೊಟ್ಟೆ ಬೇಯುವ ವಾಸನೆ. ಮಧ್ಯಾಹ್ನ ಎಲ್ಲ ಮಲಗಿದಾಗ ಒಂದೇ ಸಮನೆ ಉಸಿರಾಟ. ಆ ಹೊತ್ತು ನನಗೆ ತುಂಬ ಇಷ್ಟ.

ಫಕ್ಕೀರವ್ವ ಬೆಳಿಗ್ಗೆ ಮೈಲಾರಿಯನ್ನು ಬಿಟ್ಟು ಪೇಟೆಗೆ ಹೋಗುವಳು. ಮೊದಲ ವಾರ ಬಾಗಿಲಿನವರೆಗೆ ಹೋಗಿ ಮೂರು ಸಲ ವಾಪಸು ಬಂದು ನೋಡುತ್ತಿದ್ದಳು. ಆಮೇಲೆ ಒಂದು ಸಲ. ಆಮೇಲೆ ಮೈಲಾರಿಯೇ ಅವಳಿಗೆ ಬೆನ್ನು ತಿರುಗಿಸಿ ಡಬ್ಬದ ಕಡೆ ತೆವಳತೊಡಗಿದ. ಅವನ ಕೆಮ್ಮು ನಿಂತಿತು. ಸಮರ್ಥನೂ ಅವನೂ ಒಂದೇ ಚಾಪೆಯಲ್ಲಿ ಕೂತು ಒಬ್ಬರ ಮೊಟ್ಟೆಗೆ ಒಬ್ಬರು ಕೈಹಾಕುತ್ತ ಬೆಳೆದರು. ತಿಂಗಳು ತಿಂಗಳು ನನ್ನ ಸುರುಳಿಯನ್ನು ಮೈಲಾರಿ ಸ್ವಲ್ಪ ಸ್ವಲ್ಪ ಕೆಳಕ್ಕೆ ಎಳೆದ. ಮುಳ್ಳು ಹೊಸ ಗೆರೆ ಮುಟ್ಟಿದ ದಿನ ನಾನು ಗರ್ವದಿಂದ ನಡುಗುತ್ತಿದ್ದೆ. ನೋಡಿದವರು ಗಾಳಿಗೆ ಅಲುಗುತ್ತಿದೆ ಎಂದುಕೊಂಡರು. ಸರಕಾರದ ದುಡ್ಡು ಎಲ್ಲಿ ಹೋಗುತ್ತದೋ ಯಾರಿಗೆ ಗೊತ್ತು ಎಂದು ಕಟ್ಟೆಯ ಮೇಲೆ ಕೂತವರು ಹರಟುವುದನ್ನು ಕಿಟಕಿಯಿಂದ ಎಷ್ಟೋ ಸಲ ಕೇಳಿದ್ದೇನೆ. ಆ ಕೋಣೆಯ ಮಟ್ಟಿಗೆ ನನಗೆ ಗೊತ್ತು. ಅದು ಮೈಲಾರಿಯ ತೊಡೆಗೆ ಹೋಯಿತು, ಕೆನ್ನೆಗೆ ಹೋಯಿತು, ಬಾಯಿತುಂಬ ಅವನಾಡುವ ಮಾತಿಗೆ ಹೋಯಿತು.

ನನಗೆ ವಯಸ್ಸಾಯಿತು. ಚಪ್ಪಟೆಯಾದ ಹೊಸ ಯಂತ್ರ ಬಂತು. ಕೂಸು ಅದರ ಮೇಲೆ ಮಲಗಿದರೆ ಸಾಕು, ಕೆಂಪು ಅಂಕಿ ಮಿನುಗುತ್ತದೆ. ಒಳ್ಳೆಯ ಹುಡುಗನೇ, ಆದರೆ ಚಾರ್ಜು ಮುಗಿದರೆ ಮೂಕ. ನನ್ನನ್ನು ಗುಜರಿಗೆ ಹಾಕೋಣವೇ ಎಂದು ಒಬ್ಬ ಹುಡುಗಿ ಕೇಳಿದಾಗ ಅಕ್ಕೋರು ಕೊಟ್ಟ ನೋಟವನ್ನು ನಾನು ಮರೆತಿಲ್ಲ. ಆಟದ ಮೂಲೆಯಲ್ಲಿ, ಮರಳಿನ ಗುಂಡಿಯ ಮೇಲಿನ ತೊಲೆಗೆ ಕಟ್ಟಿದರು. ವರ್ಷಕ್ಕೊಮ್ಮೆ ಮಾತ್ರ ನನ್ನ ಹಬ್ಬ. ಶಾಲೆಯ ಒಂದನೆಯ ಇಯತ್ತೆಗೆ ಹೊರಟ ಮಕ್ಕಳಿಗೆ ನೀಲಗಂಗವ್ವಜ್ಜಿ ತನ್ನ ಬೆಳ್ಳಿ ತೊಡಿಸಿ, ನನ್ನಲ್ಲಿ ಕೊನೆಯ ಸಲ ತೂಗಿಸಿ ಕಳಿಸುವ ಪದ್ಧತಿಯೊಂದನ್ನು ತಾನೇ ಹುಟ್ಟುಹಾಕಿದ್ದಳು. ಕಾಲಿಗೆ ಹಿಡಿಸದ ಕಡಗವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕುವಳು. "ಇದ ಬೆಳ್ಳೀಲೆ ಒಮ್ಮೆ ಸರ್ಕಾರಕ್ಕ ಮೋಸ ಮಾಡಿದ್ನಿ" ಎಂದು ಕತೆ ಹೇಳುವಳು, ವರ್ಷದಿಂದ ವರ್ಷಕ್ಕೆ ಕತೆಯಲ್ಲಿ ಬೆಳ್ಳಿಯೂ ಬೆಳೆಯಿತು. ಅವತ್ತೊಂದು ದಿನ ಬೆಳ್ಳಿ ಸೇರಿಸಿ ತೂಕ ಹೇಳಲು ನನಗೆ ಪರವಾನಗಿ.

ಮೈಲಾರಿಯ ಸರದಿಯೂ ಬಂತು. ಚಡ್ಡಿಯಲ್ಲಿ ಅವನ ತೊಡೆ ಹಿಡಿಸಲಿಲ್ಲ. ಕೊಕ್ಕೆಯನ್ನೇ ಎರಡು ಕೈಯಲ್ಲಿ ಹಿಡಿದು ಜೋತುಬಿದ್ದ. ಕೊರಳಲ್ಲಿ ಬೆಳ್ಳಿ, ನಡುವಿಗೆ ಉಡಿದಾರ. ಫಕ್ಕೀರವ್ವ ಅವತ್ತು ಕೆಲಸಕ್ಕೆ ರಜೆ ಹಾಕಿ ಬಂದು ಅಕ್ಕೋರ ಪಕ್ಕ ನಿಂತಿದ್ದಳು.

"ಅವ್ವಾ, ನೋಡಿಲ್ಲೆ!" ಎಂದು ಕೂಗಿ ಅವನು ಕಾಲು ಮಡಚಿ ಒಂದು ಜೀಕು ಜೀಕಿದ.

ನನ್ನ ಮುಳ್ಳು ಸುತ್ತಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಹುಟ್ಟಿದಾಗಿನಿಂದ ಎಂದೂ ಮುಟ್ಟದ ಕೊನೆಯ ಗೆರೆ ಮುಟ್ಟಿತು. ಹೊಟ್ಟೆಯೊಳಗೆ ಟಣ್ಣೆಂದು ಏನೋ ಕಡಿಯಿತು. ಮೈಲಾರಿ ಧೊಪ್ಪನೆ ಮರಳಿನಲ್ಲಿ ಬಿದ್ದು ನಗತೊಡಗಿದ. ಫಕ್ಕೀರವ್ವ ಓಡಿಬಂದು ಮೊದಲು ಅವನ ಮೊಣಕಾಲು ನೋಡಿದಳು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಮುಳ್ಳು ವಾಪಸು ಬರಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು, ಅತ್ತಳು.

"ಅಕ್ಕೋರ, ನಮ್ಮ ಮೈಲಾರಿ ತಕ್ಕಡೀನ ಮುರದ ಬಿಟ್ಟಾನ್ರಿ!"

ಸುರುಳಿ ಕಡಿದಾಗ ನಿನಗೆ ನೋವಾಗಲಿಲ್ಲವೇ ಎಂದು ಕೇಳುತ್ತೀರಿ. ಆಯಿತು. ಆ ನೋವನ್ನು ನಾನು ಯಾರಿಗೂ ಕೊಡಲಾರೆ, ಅದು ನನ್ನ ಆಸ್ತಿ.

ಈಗಲೂ ಅದೇ ಮೂಲೆಯಲ್ಲಿ ನೇತಾಡುತ್ತಿದ್ದೇನೆ. ಹೊಸ ಕೂಸುಗಳು ಬಂದು ನನ್ನ ಕೊಕ್ಕೆಗೆ ಗೊಂಬೆ ತೂಗುಹಾಕುತ್ತವೆ. ಬಣ್ಣಗೆಟ್ಟ ಚಿನ್ನಿಯೂ ಅವುಗಳ ನಡುವೆ ಇದ್ದಾಳೆ. ಅರಿವೆ, ಅರಳೆ ತುಂಬಿದ ಗೊಂಬೆಯಾದರೂ ಸರಿ, ಬರಿ ಗಾಳಿಯಾದರೂ ಸರಿ, ನನ್ನ ಮುಳ್ಳು ಮೈಲಾರಿ ನಿಲ್ಲಿಸಿದ ಕೊನೆಯ ಗೆರೆಯಲ್ಲೇ ಇರುತ್ತದೆ. ಕೂಸುಗಳು ಚಪ್ಪಾಳೆ ತಟ್ಟುತ್ತವೆ. ಸುಳ್ಳೆಂದು ನನಗೂ ಗೊತ್ತು. ಆದರೆ ಒಂದು ದಿನ, ಒಬ್ಬ ಹುಡುಗನಿಗೆ, ಅದು ನಿಜವಾಗಿತ್ತು.